ಮುಂಬಯಿಯ ಉಪನಗರ ರೈಲುಮಾರ್ಗ: ಸುಧಾರಣೆಯ ಒಂದು ಶತಮಾನ

ನಗರವೊಂದರ ಚರಿತ್ರೆಯನ್ನು ಬರೆಯುವವರು ಅದರ ಕೋಟೆಕೊತ್ತಲಗಳನ್ನೂ, ರಾಜಮಂದಿರಗಳನ್ನೂ, ಆಳಿಹೋದವರ ಹೆಸರುಗಳನ್ನೂ ಮೊದಲು ಹೇಳುವುದು ವಾಡಿಕೆ. ಮುಂಬಯಿಯ ಚರಿತ್ರೆಯ ಬಹುಭಾಗವಾದರೋ ಅದರ ರೈಲುಹಳಿಗಳ ಮೇಲೆಯೇ ಬರೆಯಲ್ಪಟ್ಟಿದೆ. ಪ್ರಾತಃಕಾಲ ಉತ್ತರದಿಂದ ದಕ್ಷಿಣಕ್ಕೂ ಸಾಯಂಕಾಲ ದಕ್ಷಿಣದಿಂದ ಉತ್ತರಕ್ಕೂ ಸಮುದ್ರದ ಉಬ್ಬರವಿಳಿತಗಳಂತೆ ಅಲ್ಲಿಯ ಜನಸ್ತೋಮವು ಚಲಿಸುವುದು. ಉಡುಪಿ ಮಂಗಳೂರುಗಳ ಕಡೆಯಿಂದ ಹೋಗಿ ಆ ನಗರದ ಉಪಾಹಾರಗೃಹಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿದು ಸಂಸಾರ ನಡೆಸಿದ ಸಹಸ್ರಾರು ಕನ್ನಡಿಗರ ಬಾಳು ಕೂಡ ಈ ಹಳಿಗಳೊಡನೆ ಹೆಣೆದುಕೊಂಡಿದೆ. ಆದುದರಿಂದ ಆ ಮಾರ್ಗವು ಹೇಗೆ ಬೆಳೆಯಿತು, ಅದನ್ನು ಸುಧಾರಿಸಲು ಯಾವ ಯಾವ ಯತ್ನಗಳು ನಡೆದವು, ಆ ಯತ್ನಗಳು ಎಲ್ಲಿ ಸಫಲವಾದವು, ಎಲ್ಲಿ ಕುಂದಿದವು ಎಂಬುದನ್ನು ವಿಚಾರಿಸುವುದು ನಮಗೆ ದೂರದ ಮಾತಲ್ಲ.

1853ನೆಯ ಇಸವಿ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಯವರೆಗೆ ಸುಮಾರು 34 ಕಿಲೋಮೀಟರುಗಳ ದೂರ ಉಗಿಬಂಡಿಯು ಓಡಿತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪೆನಿಯವರ ಮುಖ್ಯ ದೃಷ್ಟಿಯು ಒಳನಾಡಿನ ಹತ್ತಿಯನ್ನು ಬಂದರಿಗೆ ತರುವುದರ ಕಡೆಗಿದ್ದಿತು. ಪಶ್ಚಿಮ ತೀರದಲ್ಲಿ ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ಕಂಪೆನಿಯವರು 1867ರ ಏಪ್ರಿಲಿನಲ್ಲಿ ವಿರಾರಿನಿಂದ ಬ್ಯಾಕ್‌ಬೇಗೆ ದಿನಕ್ಕೊಂದು ಗಾಡಿಯನ್ನು ಓಡಿಸಲಾರಂಭಿಸಿದರು. ದಿನನಿತ್ಯ ಕೆಲಸಕ್ಕೆ ಹೋಗಿಬರುವ ಜನರೇ ಮುಂದೆ ಈ ಮಾರ್ಗಗಳ ಪ್ರಧಾನ ಭಾರವಾಗುವರೆಂದು ಆಗ ಯಾರು ಊಹಿಸಿದ್ದರು? ಆದರೆ ಮುಂಬಯಿಯು ಮೂರು ಕಡೆ ನೀರಿನಿಂದ ಆವೃತವಾದ ಕಿರಿದಾದ ಭೂಮಿ. ಅದಕ್ಕೆ ಬೆಳೆಯಲು ಉತ್ತರವೊಂದೇ ದಿಕ್ಕು. ಗಿರಣಿಗಳೂ, ಬಂದರೂ, ಕಚೇರಿಗಳೂ ದಕ್ಷಿಣದಲ್ಲಿಯೇ ನೆಲೆಸಿದವು. ಮನೆಗಳು ಉತ್ತರಕ್ಕೆ ಸರಿಯುತ್ತ ಹೋದವು. ಮನೆಗೂ ದುಡಿಮೆಗೂ ನಡುವೆ ಬೆಳೆದ ಅಂತರವನ್ನು ತುಂಬುವ ಹೊಣೆಯು ರೈಲಿನ ಮೇಲೆ ಬಿದ್ದಿತು.

ಉಗಿಯ ಎಂಜಿನ್ನು ಈ ಕಾರ್ಯಕ್ಕೆ ತಕ್ಕುದಾಗಿರಲಿಲ್ಲ. ಅದು ದೂರದ ಪ್ರಯಾಣಕ್ಕೆ ಸಮರ್ಥವಾದರೂ, ಒಂದೆರಡು ಕಿಲೋಮೀಟರಿಗೊಮ್ಮೆ ನಿಂತು ಮತ್ತೆ ವೇಗವನ್ನು ಪಡೆಯುವುದರಲ್ಲಿ ಕಾಲವು ವ್ಯರ್ಥವಾಗುವುದು. ಕೊನೆಯ ನಿಲ್ದಾಣವನ್ನು ಮುಟ್ಟಿದ ಮೇಲೆ ಎಂಜಿನ್ನನ್ನು ಬಿಡಿಸಿ ಮತ್ತೊಂದು ತುದಿಗೆ ಕಟ್ಟಬೇಕಾಗುವುದರಿಂದ ಪ್ಲಾಟ್‌ಫಾರಮ್ಮು ಬಹಳ ಹೊತ್ತು ತೆರವಾಗದು. ಇದಕ್ಕೆ ಪರಿಹಾರವಾಗಿ ವಿದ್ಯುಚ್ಛಕ್ತಿಯು ಬಂದಿತು. 1925ನೆಯ ಇಸವಿ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾದವರೆಗೆ, ಬಂದರಿನ ಮಗ್ಗುಲ ಮಾರ್ಗದಲ್ಲಿ, ಭಾರತದ ಮೊದಲನೆಯ ವಿದ್ಯುತ್ ರೈಲು ಓಡಿತು. ಅದರ ತಂತಿಯಲ್ಲಿ ಹರಿದದ್ದು 1,500 ವೋಲ್ಟುಗಳ ಏಕಮುಖ ಪ್ರವಾಹ. ಈ ಗಾಡಿಗೆ ಪ್ರತ್ಯೇಕವಾದ ಎಂಜಿನ್ನಿಲ್ಲ. ಪ್ರಯಾಣಿಕರು ಕೂರುವ ಕೆಲವು ಡಬ್ಬಿಗಳ ಅಡಿಯಲ್ಲಿಯೇ ಮೋಟಾರುಗಳಿರುವುವು, ಎರಡು ತುದಿಗಳಲ್ಲಿಯೂ ಚಾಲಕನ ಕೋಣೆಯಿರುವುದು. ಚಾಲಕನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋದರೆ ಬಂಡಿಯು ತಿರುಗಿದಂತೆಯೇ. 1928ರ ಜನವರಿಯಲ್ಲಿ ಪಶ್ಚಿಮದ ಮಾರ್ಗವೂ ಬೊರಿವಲಿಯವರೆಗೆ ವಿದ್ಯುತ್ತನ್ನು ಪಡೆಯಿತು. 1936ರಲ್ಲಿ ಅದು ವಿರಾರಿಗೆ ಮುಟ್ಟಿತು. ಮುಂಬಯಿಯ ತರುವಾಯ 1931ರಲ್ಲಿ ಮದರಾಸಿನ ಬೀಚಿನಿಂದ ತಾಂಬರಕ್ಕೂ ಇಂತಹ ಗಾಡಿಗಳು ಓಡಲಾರಂಭಿಸಿದವು.

ಈ ಸುಧಾರಣೆಯ ಫಲವೇನಾಯಿತು? ಗಾಡಿಗಳು ಶೀಘ್ರವಾಗಿ ಬರತೊಡಗಿದೊಡನೆ ದೂರದ ಹಳ್ಳಿಗಳು ನಗರಕ್ಕೆ ಸಮೀಪವಾದವು. ಸಮೀಪವಾದ ಹಳ್ಳಿಯಲ್ಲಿ ಅಗ್ಗದ ನೆಲವನ್ನರಸಿ ಜನರು ಮನೆ ಕಟ್ಟಿದರು. ದೇಶವಿಭಜನೆಯ ಕಾಲದಲ್ಲಿ ಮನೆಮಾರು ಕಳೆದುಕೊಂಡು ಬಂದವರು ಕಲ್ಯಾಣದ ಸೇನಾಶಿಬಿರದಲ್ಲಿ ನೆಲೆನಿಂತುದರಿಂದ ಉಲ್ಹಾಸನಗರವು ಹುಟ್ಟಿತು. ಹೀಗೆ ದಟ್ಟಣೆಯನ್ನು ಕಳೆಯಲೆಂದು ಮಾಡಿದ ಪ್ರತಿಯೊಂದು ಏರ್ಪಾಡೂ ಹೊಸ ಪ್ರಯಾಣಿಕರನ್ನು ಕರೆದು ತಂದಿತು. ಕೆರೆಯನ್ನು ಅಗಲ ಮಾಡಿದಷ್ಟೂ ಅದಕ್ಕೆ ಹರಿದುಬರುವ ಹಳ್ಳಗಳು ಹೆಚ್ಚಿದಂತಾಯಿತು. 1951ರಲ್ಲಿ ಎರಡು ಕಂಪೆನಿಗಳ ಮಾರ್ಗಗಳು ಮಧ್ಯ ರೈಲ್ವೆ, ಪಶ್ಚಿಮ ರೈಲ್ವೆಗಳೆಂಬ ಹೆಸರು ಹೊತ್ತಾಗ ಈ ಕಷ್ಟವೂ ಆಸ್ತಿಯೊಡನೆ ಅವಕ್ಕೆ ಬಳುವಳಿಯಾಗಿ ಬಂದಿತು.

ಗಾಡಿಗಳ ಸಂಖ್ಯೆಯನ್ನು ಹೆಚ್ಚಿಸಲು ಒಂದು ಮಿತಿಯುಂಟು. ಮುಂದಿನ ಗಾಡಿಗೂ ಹಿಂದಿನ ಗಾಡಿಗೂ ಸಿಗ್ನಲ್ಲು ಕಾಯ್ದುಕೊಡುವ ಅಂತರವನ್ನು ಕೆಲವು ನಿಮಿಷಗಳಿಗಿಂತ ಕಡಿಮೆ ಮಾಡಲು ಬರುವುದಿಲ್ಲ. ಆದಕಾರಣ ಅಧಿಕಾರಿಗಳು ಗಾಡಿಯನ್ನು ಉದ್ದ ಮಾಡುವ ಮಾರ್ಗವನ್ನು ಹಿಡಿದರು. 1925ರಲ್ಲಿ ನಾಲ್ಕು ಡಬ್ಬಿಗಳಿಂದ ಹೊರಟ ಗಾಡಿಯು ಕಾಲಕ್ರಮದಲ್ಲಿ ಎಂಟಕ್ಕೂ ಒಂಬತ್ತಕ್ಕೂ ಬೆಳೆದು, 1980ರ ದಶಕದಲ್ಲಿ ಹನ್ನೆರಡಕ್ಕೆ ಏರಿತು. 2009ರಲ್ಲಿ ಪಶ್ಚಿಮ ರೈಲ್ವೆಯಲ್ಲಿ ಹದಿನೈದು ಡಬ್ಬಿಗಳ ಗಾಡಿಯು ಬಂದಿತು. ಮೂರು ಡಬ್ಬಿಗಳನ್ನು ಹೆಚ್ಚಿಗೆ ಜೋಡಿಸುವುದು ಕೇಳಲು ಸುಲಭ. ಆದರೆ ಅದಕ್ಕಾಗಿ ಪ್ರತಿಯೊಂದು ನಿಲ್ದಾಣದ ಪ್ಲಾಟ್‌ಫಾರಮ್ಮೂ ಉದ್ದವಾಗಬೇಕು, ಸಿಗ್ನಲ್ಲಿನ ಕಂಬಗಳು ಸ್ಥಳಾಂತರ ಹೊಂದಬೇಕು, ರಾತ್ರಿ ಗಾಡಿಗಳು ತಂಗುವ ಹಳಿಗಳು ನೀಳವಾಗಬೇಕು, ತಂತಿಯಲ್ಲಿ ಹೆಚ್ಚು ಶಕ್ತಿ ಹರಿಯಬೇಕು.

ಈ ಕೊನೆಯ ಕಾರ್ಯವೇ ಅತಿ ಕಠಿನವಾದದ್ದು. ಒಂದು ಕಾಲದಲ್ಲಿ ಅದ್ಭುತವೆನಿಸಿದ 1,500 ವೋಲ್ಟುಗಳ ಪ್ರವಾಹವು ಉದ್ದವಾದ ಗಾಡಿಗಳಿಗೆ ಸಾಲದೆ ಹೋಯಿತು. ಅದನ್ನು ತೆಗೆದು 25,000 ವೋಲ್ಟುಗಳ ಪರ್ಯಾಯ ಪ್ರವಾಹವನ್ನು ತರಬೇಕಾಯಿತು; ಅದೂ ಒಂದು ದಿನವಾದರೂ ಸಂಚಾರವನ್ನು ನಿಲ್ಲಿಸದೆ. ಎರಡು ಬಗೆಯ ಪ್ರವಾಹಗಳಲ್ಲಿಯೂ ಓಡಬಲ್ಲ ಗಾಡಿಗಳನ್ನು ತರಿಸಿ, ಮಾರ್ಗವನ್ನು ತುಂಡು ತುಂಡಾಗಿ ಬದಲಿಸಲಾಯಿತು. ಪಶ್ಚಿಮ ರೈಲ್ವೆಯಲ್ಲಿ ಇದು 2012ರಲ್ಲಿಯೂ, ಮಧ್ಯ ರೈಲ್ವೆಯ ಮುಖ್ಯ ಮಾರ್ಗದಲ್ಲಿ 2015ರಲ್ಲಿಯೂ, ಬಂದರಿನ ಮಾರ್ಗದಲ್ಲಿ 2016ರಲ್ಲಿಯೂ ಪೂರ್ಣಗೊಂಡಿತು. ಯಾವ ಮಾರ್ಗವು ದೇಶಕ್ಕೆ ವಿದ್ಯುತ್ ರೈಲನ್ನು ಮೊದಲು ತೋರಿಸಿತ್ತೋ ಅದೇ ಮಾರ್ಗವು ಹಳೆಯ ಪದ್ಧತಿಯನ್ನು ಕಡೆಗೆ ಬಿಟ್ಟಿತು.

ಇಂತಹ ಕಾರ್ಯಗಳಿಗಾಗಿಯೇ 1999ರಲ್ಲಿ ರೈಲ್ವೆ ಇಲಾಖೆಯೂ ಮಹಾರಾಷ್ಟ್ರ ಸರಕಾರವೂ ಕೂಡಿ ಮುಂಬಯಿ ರೈಲ್ವೆ ವಿಕಾಸ ನಿಗಮವನ್ನು ಸ್ಥಾಪಿಸಿದ್ದವು. ಆಗಿನ ಪರಿಸ್ಥಿತಿಯು ಭೀಕರವಾಗಿತ್ತು. ಒಂಬತ್ತು ಡಬ್ಬಿಗಳ ಒಂದು ಗಾಡಿಯಲ್ಲಿ ದಟ್ಟಣೆಯ ವೇಳೆಯಲ್ಲಿ ಸುಮಾರು 5,000 ಜನರು ತುಂಬಿರುತ್ತಿದ್ದರು. ಒಂದು ಚದರ ಮೀಟರಿನಷ್ಟು ನೆಲದಲ್ಲಿ ಹದಿನಾಲ್ಕರಿಂದ ಹದಿನಾರು ಮಂದಿ ನಿಂತಿರುತ್ತಿದ್ದರು. ಜಾಗವಿಲ್ಲದವರು ಬಾಗಿಲಿನ ಕಂಬಿಯನ್ನು ಹಿಡಿದು ಹೊರಗೆ ಜೋತಾಡುತ್ತಿದ್ದರು. ಹೊಸ ಹಳಿಗಳು ಬೇಕಾಗಿದ್ದುವು; ಆದರೆ ಅವು ಬಹು ನಿಧಾನವಾಗಿ ಬಂದವು. ಠಾಣೆ ಮತ್ತು ದಿವಾಗಳ ನಡುವೆ ದೂರದ ಗಾಡಿಗಳನ್ನು ಬೇರ್ಪಡಿಸುವ ಐದನೆಯ ಮತ್ತು ಆರನೆಯ ಹಳಿಗಳು ಸಿದ್ಧವಾಗಲು ಹತ್ತು ವರ್ಷಕ್ಕೂ ಮೀರಿ ಹಿಡಿದು, 2022ರ ಫೆಬ್ರವರಿಯಲ್ಲಿ ತೆರೆಯಲ್ಪಟ್ಟವು.

ಗಾಡಿಗಳ ಮೇಲೆಯೂ ಹಳಿಗಳ ಮೇಲೆಯೂ ಇಷ್ಟು ದೃಷ್ಟಿಯಿಟ್ಟವರು, ಗಾಡಿಯಿಂದಿಳಿದವನು ನಡೆದುಹೋಗುವ ದಾರಿಯ ಮೇಲೆ ಅಷ್ಟೇ ದೃಷ್ಟಿಯಿಡಲಿಲ್ಲ. ಎಲ್ಫಿನ್‌ಸ್ಟನ್ ರೋಡ್ ಎಂದು 2018ರವರೆಗೆ ಕರೆಯಲ್ಪಡುತ್ತಿದ್ದ ಪಶ್ಚಿಮ ಮಾರ್ಗದ ನಿಲ್ದಾಣವೂ ಮಧ್ಯ ಮಾರ್ಗದ ಪರೇಲ್ ನಿಲ್ದಾಣವೂ ಒಂದಕ್ಕೊಂದು ಅಂಟಿಕೊಂಡಿವೆ. ಸುತ್ತಲೂ ಬಟ್ಟೆಗಿರಣಿಗಳಿದ್ದ ಕಾಲದಲ್ಲಿ ಅಲ್ಲಿಯ ಕೂಲಿಗಾರರಲ್ಲಿ ಬಹುಮಂದಿ ನೆರೆಯ ಚಾಳುಗಳಿಂದ ಕಾಲ್ನಡಿಗೆಯಲ್ಲಿಯೇ ಬರುತ್ತಿದ್ದರು. 1982ರ ಮಹಾಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿ, ಆ ನೆಲದಲ್ಲಿ ಗಗನಚುಂಬಿ ಕಚೇರಿಗಳೆದ್ದವು. ಅವುಗಳಲ್ಲಿ ದುಡಿಯುವವರು ಕಲ್ಯಾಣ, ವಿರಾರುಗಳಂತಹ ದೂರದಿಂದ ರೈಲಿನಲ್ಲಿ ಬರತೊಡಗಿದರು. ಊರು ಬದಲಾಯಿತು; ಇಕ್ಕಟ್ಟಾದ ಪಾದಚಾರಿ ಸೇತುವೆ ಮಾತ್ರ ಹಾಗೆಯೇ ಉಳಿಯಿತು. ಅಗಲವಾದ ಸೇತುವೆ ಬೇಕೆಂಬ ಕೂಗು ಮೊದಲಿನಿಂದಲೂ ಇದ್ದಿತು. 2017ನೆಯ ಇಸವಿ ಸೆಪ್ಟೆಂಬರ್ 29ರ ಬೆಳಗ್ಗೆ ಜಡಿಮಳೆಯಿಂದ ತಪ್ಪಿಸಿಕೊಳ್ಳಲು ಜನರು ಆ ಸೇತುವೆಯ ಮೇಲೆ ನಿಂತಿದ್ದಾಗ, ಮೇಲಿಂದ ಮೇಲೆ ಬಂದ ಗಾಡಿಗಳು ಮತ್ತಷ್ಟು ಜನರನ್ನು ಇಳಿಸಿದವು. ನೂಕುನುಗ್ಗಲಿನಲ್ಲಿ 23 ಮಂದಿ ಮೃತಪಟ್ಟರು. ಬಳಿಕ ಸೇನೆಯವರನ್ನು ಕರೆಯಿಸಿ ಕೆಲವೇ ತಿಂಗಳುಗಳಲ್ಲಿ ಹೊಸ ಸೇತುವೆಯನ್ನು ಕಟ್ಟಿಸಲಾಯಿತು. ತಿಂಗಳುಗಳಲ್ಲಿ ಆಗಬಹುದಾಗಿದ್ದ ಕಾರ್ಯಕ್ಕೆ ಅಷ್ಟು ಪ್ರಾಣಗಳ ಬೆಲೆ ತೆರಬೇಕಾಯಿತೆಂಬುದು ಯೋಜಕರೆಲ್ಲರೂ ನೆನಪಿನಲ್ಲಿಡತಕ್ಕ ಮಾತು.

ಬಾಗಿಲಿನ ಸಂಗತಿಯೂ ಹೀಗೆಯೇ. ತಾನಾಗಿ ಮುಚ್ಚಿಕೊಳ್ಳುವ ಬಾಗಿಲುಗಳುಳ್ಳ, ತಂಪುಗಾಳಿಯ ಮೊದಲನೆಯ ಗಾಡಿಯು 2017ರ ಡಿಸೆಂಬರ್ 25ರಂದು ಬಂದಿತು. ಆದರೆ ಅದರ ದರವು ಸಾಮಾನ್ಯನ ಕೈಗೆ ಎಟುಕದ್ದಾಗಿತ್ತು. 2022ರಲ್ಲಿ ಬಿಡಿ ಟಿಕೆಟ್ಟಿನ ದರವನ್ನು ಅರ್ಧಕ್ಕೆ ಇಳಿಸಬೇಕಾಯಿತು. ಅದೇ ವರ್ಷ ಸಾಮಾನ್ಯ ಗಾಡಿಗಳ ವೇಳೆಯನ್ನು ಈ ಗಾಡಿಗಳಿಗೆ ಕೊಟ್ಟಾಗ ಕಳವಾ, ಬದ್ಲಾಪುರಗಳಲ್ಲಿ ಪ್ರಯಾಣಿಕರು ಪ್ರತಿಭಟಿಸಿದರು. ಅವರ ವಾದದಲ್ಲಿ ಹುರುಳಿದ್ದಿತು: ಹಳಿಯ ಮೇಲೆ ಗಾಡಿಗಳಿಗೆ ಸಿಕ್ಕುವ ಸರದಿಗಳು ಎಣಿಸಿದಷ್ಟೇ ಇರುವಾಗ, ಒಬ್ಬನಿಗೆ ಕೊಟ್ಟ ಸೌಕರ್ಯವನ್ನು ಇನ್ನೊಬ್ಬನಿಂದ ಕಿತ್ತುಕೊಳ್ಳಬೇಕಾಗುವುದು. 2025ರ ಜೂನ್ 9ರಂದು ಮುಂಬ್ರಾದ ಬಳಿ ತಿರುವಿನಲ್ಲಿ, ಬಾಗಿಲಿನಲ್ಲಿ ಜೋತಾಡುತ್ತಿದ್ದವರು ಹಳಿಗೆ ಬಿದ್ದು ಕೆಲವರು ಅಸುನೀಗಿದ ಮೇಲೆ, ಸಾಮಾನ್ಯ ಗಾಡಿಗಳಿಗೂ ಮುಚ್ಚುವ ಬಾಗಿಲುಗಳನ್ನು ಮಾಡುವುದಾಗಿ ರೈಲ್ವೆಯವರು ಪ್ರಕಟಿಸಿದರು. ಬಾಗಿಲು ಮುಚ್ಚಿದರೆ ಒಳಗೆ ಗಾಳಿ ಬೇಕು. ಬಾಗಿಲು ಮುಚ್ಚುವಷ್ಟು ಜಾಗವೂ ಬೇಕು. ಒಂದು ಸುಧಾರಣೆಯು ಹತ್ತನ್ನು ಬೇಡುವುದು.

ಈ ಚರಿತ್ರೆಯು ಕರ್ನಾಟಕಕ್ಕೂ ಉಪಯುಕ್ತವಾದುದು. ಬೆಂಗಳೂರಿಗೆ ನಾಲ್ಕು ಮಾರ್ಗಗಳ, ಸುಮಾರು 148 ಕಿಲೋಮೀಟರುಗಳ ಉಪನಗರ ರೈಲು ಯೋಜನೆಯು 2020ರಲ್ಲಿ ಮಂಜೂರಾಗಿ, 2022ರ ಜೂನಿನಲ್ಲಿ ಅದರ ಶಂಕುಸ್ಥಾಪನೆಯಾಯಿತು. ಮುಂಬಯಿಯು ಒಂದು ಶತಮಾನಕ್ಕೂ ಮೀರಿ ಕಷ್ಟಪಟ್ಟು ಕಲಿತುದನ್ನು ಬೆಂಗಳೂರು ಮೊದಲೇ ತಿಳಿದುಕೊಂಡು ಕಾರ್ಯಕ್ಕೆ ತೊಡಗಬಹುದಾದ ಅನುಕೂಲವಿದೆ. ಸರಪಳಿಯ ಬಲವು ಅದರ ಅತ್ಯಂತ ದುರ್ಬಲವಾದ ಕೊಂಡಿಯಷ್ಟೇ. ರೈಲುಮಾರ್ಗದ ಯೋಗ್ಯತೆಯೂ ಅದರ ಅತ್ಯಂತ ಇಕ್ಕಟ್ಟಾದ ಮೆಟ್ಟಿಲಿನಷ್ಟೇ. ವೇಗವನ್ನೂ ಉದ್ದವನ್ನೂ ಲೆಕ್ಕಹಾಕುವ ಯೋಜಕನು, ಮಳೆಯ ಮುಂಜಾವಿನಲ್ಲಿ ಬುತ್ತಿಯ ಡಬ್ಬಿಯನ್ನು ಹಿಡಿದು ಅವಸರದಿಂದ ಹೊರಟವನು ಸಂಜೆ ಸುರಕ್ಷಿತವಾಗಿ ಮನೆಯ ಹೊಸ್ತಿಲನ್ನು ದಾಟುವವರೆಗೂ ಅವನ ಹಿಂದೆಯೇ ಮನಸ್ಸಿನಲ್ಲಿ ನಡೆದು ನೋಡಬೇಕು. ಹಾಗೆ ನಡೆದು ನೋಡಿದ ಯೋಜನೆಯೇ ಸುಧಾರಣೆಯೆಂಬ ಹೆಸರಿಗೆ ಅರ್ಹವಾಗುವುದು.