ಕಾಫಿಯ ಮಲೆಗಳೂ ಮಳೆಯ ಚರಿತ್ರೆಯೂ

ಪಡುವಣ ಕಡಲಿನಲ್ಲಿ ಹಡಗು ನಡೆಸುತ್ತಿದ್ದ ನಾವಿಕರಿಗೆ ಕರಾವಳಿಯ ಬೆನ್ನಿಗೆ ಎದ್ದು ತೋರುವ ಒಂದು ಶಿಖರವು ಬಹುಕಾಲ ದಾರಿಯ ಗುರುತಾಗಿತ್ತು. ಸಮುದ್ರದ ಕಡೆಯಿಂದ ನೋಡಿದವರಿಗೆ ಅದು ಕುದುರೆಯ ಮುಖದಂತೆ ಕಾಣುವುದರಿಂದ ಕುದುರೆಮುಖವೆಂದೇ ಹೆಸರಾಯಿತು. ನಾವಿಕನ ಕಣ್ಣು ಅರಸುತ್ತಿದ್ದ ಆ ಬೆಟ್ಟವನ್ನೇ ಕಡಲಿನ ಮೋಡವೂ ಬಂದು ತಾಕುವುದು. ಜೂನ್ ತಿಂಗಳ ಮೊದಲಲ್ಲಿ ತೇವವನ್ನು ಹೊತ್ತುಬರುವ ನೈರುತ್ಯ ಮಾರುತವು ಸುಮಾರು 6,200 ಅಡಿ ಎತ್ತರದ ಈ ಗೋಡೆಗೆ ತಗುಲಿ, ಮೇಲೇರಿ, ತಣ್ಣಗಾಗಿ, ತನ್ನ ಹೊರೆಯನ್ನು ಇಲ್ಲಿಯೇ ಇಳಿಸುತ್ತದೆ. ಕಳಸ, ಮೂಡಿಗೆರೆ, ಚಿಕ್ಕಮಗಳೂರುಗಳ ಚರಿತ್ರೆಯನ್ನು ಹೇಳುವವರು ಅರಸರ ಶಾಸನಗಳಿಂದ ತೊಡಗುವುದು ವಾಡಿಕೆ. ನನಗಾದರೋ ಮಳೆಯಿಂದಲೇ ತೊಡಗುವುದು ಯುಕ್ತವೆಂದು ತೋರುತ್ತದೆ.

ಒಂದೇ ಜಿಲ್ಲೆಯೊಳಗೆ ಕಡೂರಿನ ಬಯಲು ವರುಷಕ್ಕೆ ಸುಮಾರು 25 ಅಂಗುಲ ಮಳೆಯನ್ನು ಕಂಡರೆ, ಕಳಸ ಶೃಂಗೇರಿಗಳ ಸೀಮೆಯಲ್ಲಿ ಅದು 100 ಅಂಗುಲವನ್ನು ದಾಟುವುದು. ಈ ನೀರೇ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿಗಳಾಗಿಯೂ, ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹೇಮಾವತಿಯಾಗಿಯೂ ಹುಟ್ಟುತ್ತದೆ. ಭದ್ರೆಯು ಉಕ್ಕಿದಾಗ ಕಳಸದಿಂದ ಹೊರನಾಡಿಗೆ ಹೋಗುವ ಹೆಬ್ಬಾಳೆಯ ಸೇತುವೆಯು ಮುಳುಗಿ, ಯಾತ್ರಿಕರು ದೇವಿಯ ದರ್ಶನಕ್ಕೆ ಕಾದು ನಿಂತ ವರುಷಗಳು ಹಲವು.

ನಮ್ಮ ಹಿರಿಯರು ಈ ಮಳೆಯನ್ನು ನಕ್ಷತ್ರಗಳಿಂದ ಎಣಿಸಿದರು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನಗಳಿರುವನಾಗಿ, ಆರಿದ್ರೆಯಿಂದ ಆಶ್ಲೇಷದವರೆಗೆ ಮಲೆನಾಡಿನವನು ಮನೆಯ ಹೊರಗೆ ಒಣಗಿದ ವಸ್ತುವೊಂದನ್ನು ಕಾಣನು. ಬಯಲುಸೀಮೆಯ ಒಕ್ಕಲಿಗನು ಭರಣಿ ಸುರಿದರೆ ಧರಣಿ ಬದುಕೀತೆನ್ನುವನು. ಕಾಫಿಯ ಬೆಳೆಗಾರನು ಅಷ್ಟು ದಿನ ಕಾಯಲಾರನು. ಅವನ ಭಾಗ್ಯವು ಅದಕ್ಕೆ ಮೊದಲೇ, ರೇವತಿಯ ಆಸುಪಾಸಿನಲ್ಲಿ ತೀರ್ಮಾನವಾಗುವುದು.

ಇದರ ಕಾರಣವನ್ನು ಸ್ವಲ್ಪ ವಿವರಿಸತಕ್ಕದ್ದಿದೆ. ಚಳಿಗಾಲದ ಒಣಹವೆಯಲ್ಲಿ ಕಾಫಿಯ ಮೊಗ್ಗು ನಿದ್ರಿಸುತ್ತಿರುತ್ತದೆ. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಒಂದು ಅಂಗುಲಕ್ಕೆ ಕಡಮೆಯಿಲ್ಲದ ಮಳೆ ಬಿದ್ದರೆ, ಎಂಟು ಹತ್ತು ದಿನಗಳೊಳಗೆ ಗುಡ್ಡವೆಲ್ಲ ಬಿಳಿದಾಗಿ ಮಲ್ಲಿಗೆಯಂಥ ಪರಿಮಳ ಹಬ್ಬುವುದು. ಇದಕ್ಕೆ ಹೂಮಳೆಯೆಂದು ಹೆಸರು. ಎರಡು ಮೂರು ವಾರಗಳ ತರುವಾಯ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಮೊದಲ ಮಳೆ ಸಾಲದೆ ಹೋದರೆ ಮೊಗ್ಗು ಅರೆಬಿರಿದು ಕೆಡುವುದು. ಹೂವರಳಿದ ದಿನವೇ ಮಳೆ ಹೊಡೆದರೆ ಪರಾಗವು ತೊಳೆದುಹೋಗುವುದು. ಆದಕಾರಣವೇ ತೋಟದವರು ಮಳೆಯನ್ನು ಇಂದಿಗೂ ಸೆಂಟುಗಳಲ್ಲಿ, ಎಂದರೆ ಅಂಗುಲದ ನೂರನೆಯ ಭಾಗದಲ್ಲಿ, ಅಳೆಯುತ್ತಾರೆ. ಇಬ್ಬರು ಬೆಳೆಗಾರರು ಸಂಧಿಸಿದರೆ ಕುಶಲಪ್ರಶ್ನೆಗೆ ಮೊದಲು ಎಷ್ಟು ಸೆಂಟು ಬಂತೆಂಬ ಪ್ರಶ್ನೆಯೇ ಬರುವುದು.

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಫಕೀರನು ಅರಬಸ್ಥಾನದಿಂದ ಏಳು ಬೀಜಗಳನ್ನು ತಂದನೆಂಬ ಐತಿಹ್ಯವು ಎಲ್ಲರಿಗೂ ತಿಳಿದದ್ದೇ. 1830ರ ಸುಮಾರಿಗೆ ಕ್ಯಾನನ್ ಎಂಬ ಇಂಗ್ಲಿಷಿನವನು ಚಿಕ್ಕಮಗಳೂರಿನ ಬಳಿ ತೋಟವನ್ನು ಹಾಕಿದ ಮೇಲೆ ಬಿಳಿಯರು ಸಾಲಾಗಿ ಬಂದರು. ಅವರಲ್ಲಿ ಅನೇಕರು ಕಾಡನ್ನು ಬುಡಸಹಿತ ಕಡಿದು, ಬಿಸಿಲಿಗೆ ಮೈಯೊಡ್ಡಿದ ಇಳಿಜಾರಿನಲ್ಲಿ ಗಿಡ ನೆಟ್ಟರು. ಮೊದಲ ಕೆಲವು ಫಸಲುಗಳು ಅವರನ್ನು ಹಿಗ್ಗಿಸಿದವು. ಆದರೆ ಈ ಮಲೆಯಲ್ಲಿ ನಾಲ್ಕು ತಿಂಗಳು ಜಡಿಮಳೆಯಾದರೆ ನಾಲ್ಕೈದು ತಿಂಗಳು ಸುಡುಬಿಸಿಲೆಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1860ರ ದಶಕದಲ್ಲಿ ಕಾಂಡಕೊರಕ ಹುಳುವು ನೆರಳಿಲ್ಲದ ತೋಟಗಳನ್ನು ತಿಂದುಹಾಕಿತು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗವು ಸ್ವಲ್ಪ ಕಾಲದಲ್ಲೇ ಇಲ್ಲಿಗೂ ಹಬ್ಬಿತು. ಚಿಕ್ ಎಂಬ ಹಳೆಯ ತಳಿಯು ಹಾಳಾಗಿ, ಕೊಡಗಿನಿಂದ ಬೀಜ ತರಿಸಬೇಕಾಯಿತು.

ಸಿಂಹಳದವರು ಕಾಫಿಯನ್ನು ಬಿಟ್ಟು ಚಹವನ್ನು ಹಿಡಿದರು. ಮೈಸೂರಿನ ಮಲೆಗಳಲ್ಲಿ ಮಾತ್ರ ಕಾಫಿ ನಿಂತಿತು. ನಿಲ್ಲಿಸಿದ್ದು ನೆರಳೆಂದು ನನ್ನ ಅಭಿಪ್ರಾಯ. ಮಂಜರಾಬಾದಿನಲ್ಲಿ ನೆಲೆಸಿದ್ದ ರಾಬರ್ಟ್ ಎಲಿಯಟ್ ನೆರಳುಮರಗಳ ಪರವಾಗಿ ವಾದಿಸಿ 1871ರಲ್ಲಿಯೂ 1894ರಲ್ಲಿಯೂ ಗ್ರಂಥಗಳನ್ನು ಪ್ರಕಟಿಸಿದನು. ಅತ್ತಿ, ಬಸರಿ, ಹಲಸುಗಳ ಕೆಳಗೆ ಗಿಡ ಬೆಳೆಸುತ್ತಿದ್ದ ನಾಡಿಗನಿಗೆ ಇದು ಹೊಸ ಶೋಧವಾಗಿ ತೋರಿರಲಾರದು! ವಿಜ್ಞಾನದ ವ್ಯವಸ್ಥಿತ ನೆರವು ದೊರೆತದ್ದು 1925ರಲ್ಲಿ, ಮೈಸೂರು ಸಂಸ್ಥಾನವು ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ ಮೇಲೆ.

ಗಿಡಗಳ ಮಾತಾಯಿತು, ಮನುಷ್ಯರ ಮಾತು ಉಳಿದಿದೆ. ಮಳೆಗಾಲವೇ ಮಲೆನಾಡಿನ ರೋಗಕಾಲವೆಂದು ಹೊರಗಿನವರು ಭಾವಿಸುವುದುಂಟು. ವಾಸ್ತವವು ಬೇರೆ. ಇಲ್ಲಿ ಚಳಿಜ್ವರವನ್ನು ಹರಡುತ್ತಿದ್ದ ಸೊಳ್ಳೆಯು ತಿಳಿನೀರಿನ ಸಣ್ಣ ತೊರೆಗಳಲ್ಲಿ ಮೊಟ್ಟೆಯಿಡುವಂಥದು. ಆಷಾಢದ ಪ್ರವಾಹವು ಅದರ ಮರಿಗಳನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಮಳೆ ನಿಂತು ತೊರೆ ಮೆಲ್ಲನೆ ಹರಿಯುವ ಕಾಲದಲ್ಲಿಯೇ ಜ್ವರವು ಹೆಚ್ಚುತ್ತಿತ್ತು. ಕೊಯ್ಲಿಗೆ ಆಳು ಬೇಕಾದ ಕಾಲವೂ, ದಕ್ಷಿಣ ಕನ್ನಡದಿಂದ ಕೂಲಿಯವರು ಘಟ್ಟವೇರಿ ಬರುತ್ತಿದ್ದ ಕಾಲವೂ ಆ ಒಣಗಾಲವೇ. ಮುಂಗಾರಿಗೆ ಮುಂಚೆ ಗದ್ದೆಯ ಕೆಲಸಕ್ಕೆಂದು ಅವರು ಇಳಿದುಹೋಗುವಾಗ, ಬಂದವರೆಲ್ಲರೂ ಹಿಂತಿರುಗುತ್ತಿರಲಿಲ್ಲ. ತೋಟಗಳ ಲಾಭನಷ್ಟದ ಪುಸ್ತಕಗಳಲ್ಲಿ ಈ ಲೆಕ್ಕವನ್ನು ಹುಡುಕಿದರೆ ಸಿಕ್ಕುವುದು ಕಷ್ಟ. 1940ರ ದಶಕದ ಕೊನೆಯಿಂದ ಡಿಡಿಟಿ ಸಿಂಪಡಿಸುವ ಕ್ರಮ ಬಂದ ಮೇಲೆಯೇ ಮಲೆನಾಡು ಈ ಪೀಡೆಯಿಂದ ಚೇತರಿಸಿಕೊಂಡಿತು.

ಮಳೆಯು ನಿರಪಾಯವೆಂದು ಇದರ ಅರ್ಥವಲ್ಲ. 2019ರ ಆಗಸ್ಟ್ ತಿಂಗಳಿನಲ್ಲಿ ಕೆಲವೇ ದಿನಗಳ ಮಹಾವೃಷ್ಟಿಗೆ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜರಿದು, ಚಾರ್ಮಾಡಿ ಘಾಟಿಯ ದಾರಿ ಮುಚ್ಚಿತು. ಮಲೆಮನೆ, ಮಧುಗುಂಡಿ ಮೊದಲಾದ ಹಳ್ಳಿಗಳಲ್ಲಿ ಮನೆಯೂ ತೋಟವೂ ಒಟ್ಟಿಗೆ ಮಣ್ಣಿನಡಿಯಾದವು. ನೆಲವೇ ಜಾರಿಹೋದವನಿಗೆ ಮರುವರುಷದ ಹೂಮಳೆಯಿಂದ ಪ್ರಯೋಜನವೇನು?

ಈಗ ಅನುಕೂಲವಂತರು ಕೆರೆ ತೋಡಿಸಿ, ಯಂತ್ರವಿಟ್ಟು, ಫೆಬ್ರುವರಿ ಮಾರ್ಚ್ ತಿಂಗಳಲ್ಲಿ ತುಂತುರು ನೀರೆರಚಿ ತಾವೇ ಹೂವರಳಿಸುತ್ತಾರೆ. ರೋಬಸ್ಟಾ ಬೆಳೆಯುವವರಲ್ಲಿ ಈ ಪದ್ಧತಿ ಹೆಚ್ಚು. ಎರಡು ಮೂರು ಎಕರೆಯ ಹಿಡುವಳಿದಾರನಿಗೆ ಕೆರೆಗೆ ಬಿಡುವಷ್ಟು ಜಾಗವೂ ಇಲ್ಲ, ಯಂತ್ರಕ್ಕೆ ಹಣವೂ ಇಲ್ಲ. ನೆರೆಯ ತೋಟವು ಬೆಳ್ಳಗೆ ಅರಳಿ ನಿಂತಿರುವಾಗ ಅವನ ಗಿಡಗಳಲ್ಲಿ ಮೊಗ್ಗು ಇನ್ನೂ ಹಸುರಾಗಿಯೇ ಇರುವುದನ್ನು ಆ ದಿನಗಳಲ್ಲಿ ಮೂಡಿಗೆರೆಯ ದಾರಿಯಲ್ಲಿ ಹೋಗುವವರು ಒಂದೇ ಬೇಲಿಯ ಎರಡು ಬದಿಗಳಲ್ಲಿ ನೋಡಬಹುದು.