ಶುಶ್ರೂಷೆ: ರುಫೈದಾ(ರ)ರ ಡೇರೆ ಮತ್ತು ನಮ್ಮ ಹೆಣ್ಣುಮಕ್ಕಳ ಉನ್ನತ ವ್ಯಾಸಂಗ

ಹಿಜರಿ 5ನೇ ವರ್ಷ, ಅಂದರೆ ಕ್ರಿ.ಶ. 627ರಲ್ಲಿ, ಶತ್ರುಸೈನ್ಯವು ಮದೀನಾ ನಗರವನ್ನು ಸುತ್ತುವರಿದಿತ್ತು. ಕಂದಕದ ಆಚೆಯಿಂದ ತೂರಿಬಂದ ಬಾಣವೊಂದು ಔಸ್ ಗೋತ್ರದ ನಾಯಕರಾದ ಸಅದ್ ಬಿನ್ ಮುಆದ್(ರ)ರ ತೋಳಿನ ರಕ್ತನಾಳವನ್ನು ಸೀಳಿತು. ಅರಬರು ಆ ನಾಳವನ್ನು ಅಕ್‌ಹಲ್ ಎಂದು ಕರೆಯುತ್ತಿದ್ದರು. ಜಾಬಿರ್(ರ) ಅವರಿಂದ ಬಂದ ವರದಿಯ ಪ್ರಕಾರ ಪ್ರವಾದಿವರ್ಯರು(ಸ) ಸ್ವತಃ ಕಾಯಿಸಿದ ಬಾಣದ ಅಲಗಿನಿಂದ ಗಾಯಕ್ಕೆ ಬರೆ ಹಾಕಿ ರಕ್ತವನ್ನು ತಡೆದರು. ಅನಂತರ ತೋಳು ಊದಿಕೊಂಡಿತು. ಆಗ ಎರಡನೆಯ ಬಾರಿ ಬರೆ ಹಾಕಲಾಯಿತು. ಸಅದ್‌ರನ್ನು ರುಫೈದಾ(ರ) ಎಂಬ ಮಹಿಳೆಯ ಬಳಿಗೆ ಸಾಗಿಸಲಾಯಿತೆಂದೂ, ಆಕೆ ಗಾಯಾಳುಗಳಿಗೆ ಚಿಕಿತ್ಸೆ ನೀಡುತ್ತಿದ್ದರೆಂದೂ, ಪ್ರವಾದಿವರ್ಯರು(ಸ) ಬೆಳಿಗ್ಗೆ ಸಂಜೆ ಅಲ್ಲಿಗೆ ಬಂದು ಯೋಗಕ್ಷೇಮ ವಿಚಾರಿಸುತ್ತಿದ್ದರೆಂದೂ ಇಮಾಮ್ ಬುಖಾರಿಯವರು ತಮ್ಮ ಅಲ್‌ಅದಬುಲ್ ಮುಫ್ರದ್ ಗ್ರಂಥದಲ್ಲಿ ದಾಖಲಿಸಿದ್ದಾರೆ. ರೋಗಿಯನ್ನು ಸಮೀಪದಿಂದ ನೋಡಿಕೊಳ್ಳಲು ಅನುಕೂಲವಾಗಲೆಂದು ಮಸೀದಿಯೊಳಗೇ ಡೇರೆ ಹಾಕಿಸಲಾಗಿತ್ತು. ಕೆಲವು ದಿನಗಳ ಬಳಿಕ ಗಾಯವು ಮತ್ತೆ ಬಾಯಿ ತೆರೆಯಿತು. ಪಕ್ಕದಲ್ಲಿ ಬೀಡುಬಿಟ್ಟಿದ್ದ ಗಿಫಾರ್ ಗೋತ್ರದವರು ತಮ್ಮ ಕಡೆಗೆ ಹರಿದುಬಂದ ರಕ್ತವನ್ನು ಕಂಡು ಬೆಚ್ಚಿದರು. ಸಅದ್(ರ) ಅದರಿಂದಲೇ ಮರಣಹೊಂದಿದರು ಎಂದು ಆಯಿಶಾ(ರ) ವರದಿ ಮಾಡಿದ್ದಾರೆ.

ಈ ಘಟನೆಯನ್ನು ನಾವು ಸಾಮಾನ್ಯವಾಗಿ ಸಅದ್‌ರ ಹುತಾತ್ಮತೆಯ ಪ್ರಸಂಗವಾಗಿ ಓದುತ್ತೇವೆ. ಶುಶ್ರೂಷೆಯ ದೃಷ್ಟಿಯಿಂದ ಓದಿದರೆ ಬೇರೆ ಸಂಗತಿಗಳು ಕಾಣುತ್ತವೆ. ರಕ್ತ ನಿಂತ ಮಾತ್ರಕ್ಕೆ ಅಪಾಯ ಕಳೆದಿರಲಿಲ್ಲ. ಊತ ಒಂದು ಸೂಚನೆಯಾಗಿತ್ತು, ಅದನ್ನು ಗಮನಿಸಿದವರಿದ್ದರು, ಗಮನಿಸಿದ್ದರಿಂದ ಚಿಕಿತ್ಸೆ ಬದಲಾಯಿತು. ರೋಗಿಯನ್ನು ದಿನಕ್ಕೆ ಎರಡು ಬಾರಿ ನೋಡುವ ವ್ಯವಸ್ಥೆಯಿತ್ತು. ಇಂದಿನ ತೀವ್ರ ನಿಗಾ ಘಟಕದಲ್ಲಿ ಶುಶ್ರೂಷಕಿ ಮಾಡುವ ಕೆಲಸದ ತಿರುಳೂ ಇದುವೇ.

ರುಫೈದಾ(ರ)ರ ಬಗ್ಗೆ ಒಂದು ಎಚ್ಚರಿಕೆಯ ಮಾತು ಅಗತ್ಯ. ಅವರು ದಾದಿಯರ ಶಾಲೆಯೊಂದನ್ನು ಸ್ಥಾಪಿಸಿದರು, ನಿಯಮಾವಳಿ ಬರೆದರು ಎಂಬಂತಹ ವಿವರಗಳು ಈಗ ಎಲ್ಲೆಡೆ ಹರಿದಾಡುತ್ತಿವೆ. ಪ್ರಾಚೀನ ಮೂಲಗಳು ಇಷ್ಟೆಲ್ಲ ಹೇಳುವುದಿಲ್ಲ. ಆಕೆ ಅಸ್ಲಮ್ ಗೋತ್ರದವರು, ಗಾಯಾಳುಗಳಿಗೆ ಚಿಕಿತ್ಸೆ ನೀಡುತ್ತಿದ್ದರು, ದಿಕ್ಕಿಲ್ಲದ ಮುಸ್ಲಿಮರ ಸೇವೆಗೆ ತಮ್ಮನ್ನು ಮುಡಿಪಾಗಿಟ್ಟಿದ್ದರು ಎಂದಷ್ಟೇ ಇಬ್ನು ಇಸ್‌ಹಾಕ್ ಬರೆಯುತ್ತಾರೆ. ಆ ಮಹಿಳೆಯ ಗೌರವಕ್ಕೆ ಇಷ್ಟು ಸಾಕು. ಇಲ್ಲದ್ದನ್ನು ಸೇರಿಸಿ ಅವರನ್ನು ಅರಬ್ ಫ್ಲಾರೆನ್ಸ್ ನೈಟಿಂಗೇಲ್ ಆಗಿಸುವ ಅಗತ್ಯವಿಲ್ಲ.

ರುಫೈದಾ(ರ) ಒಬ್ಬಂಟಿಯೂ ಆಗಿರಲಿಲ್ಲ. ಏಳು ದಂಡಯಾತ್ರೆಗಳಲ್ಲಿ ಪ್ರವಾದಿವರ್ಯರ(ಸ) ಜೊತೆಗಿದ್ದು ಅಡುಗೆ ಮಾಡಿದ್ದನ್ನು, ಗಾಯಾಳುಗಳನ್ನೂ ರೋಗಿಗಳನ್ನೂ ನೋಡಿಕೊಂಡದ್ದನ್ನು ಉಮ್ಮು ಅತಿಯ್ಯಾ(ರ) ಸ್ವತಃ ವಿವರಿಸಿದ್ದಾರೆ. ರುಬಯ್ಯಿಅ್ ಬಿನ್ತ್ ಮುಅವ್ವಿದ್(ರ)ರ ವರದಿಯೂ ಇದೇ ಬಗೆಯದು. ಪುರುಷನು ಸ್ತ್ರೀಗೆ ಅಥವಾ ಸ್ತ್ರೀಯು ಪುರುಷನಿಗೆ ಚಿಕಿತ್ಸೆ ನೀಡಬಹುದೇ ಎಂಬ ಪ್ರಶ್ನೆಯನ್ನೇ ಅಧ್ಯಾಯದ ಶೀರ್ಷಿಕೆಯಾಗಿಟ್ಟು ಇಮಾಮ್ ಬುಖಾರಿಯವರು ರುಬಯ್ಯಿಅ್‌ರ ವರದಿಯನ್ನು ಅದರ ಕೆಳಗೆ ಇರಿಸಿದರು. ಅಗತ್ಯ ಬಿದ್ದಾಗ ಇದು ಅನುಮತಿಸಲ್ಪಟ್ಟಿದೆ ಎಂದು ವ್ಯಾಖ್ಯಾನಕಾರರಾದ ಇಬ್ನು ಹಜರ್ ವಿವರಿಸಿದರು. ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುವ ಪ್ರಶ್ನೆ ಎಷ್ಟು ಹಳೆಯದು ಎಂಬುದನ್ನು ಇದರಿಂದ ತಿಳಿಯಬಹುದು.

ಸೇವಾಭಾವವೊಂದಿದ್ದರೆ ಸಾಕೇ? ವೈದ್ಯವಿದ್ಯೆ ತಿಳಿಯದೆ ಚಿಕಿತ್ಸೆಗೆ ಕೈಹಾಕಿದವನು ಉಂಟಾದ ಹಾನಿಗೆ ಹೊಣೆಗಾರನಾಗುತ್ತಾನೆ ಎಂಬ ಅರ್ಥದ ಹದೀಸ್ ಅಬೂದಾವೂದ್ ಮತ್ತು ನಸಾಈ ಸಂಗ್ರಹಗಳಲ್ಲಿದೆ. ಇಬ್ನುಲ್ ಕಯ್ಯಿಮ್ ಅವರು ತಮ್ಮ ಝಾದುಲ್ ಮಆದ್ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿ, ಕಲಿತು ಕೆಲಸಕ್ಕೆ ನ್ಯಾಯ ಸಲ್ಲಿಸಿದವನನ್ನೂ ಕಲಿಯದೆ ಮೋಸಗೊಳಿಸಿದವನನ್ನೂ ಬೇರೆಬೇರೆ ವರ್ಗಗಳಲ್ಲಿಟ್ಟರು. ಒಳ್ಳೆಯ ಉದ್ದೇಶವು ಅಜ್ಞಾನದ ಹೊಣೆಯನ್ನು ತೊಳೆಯದು ಎಂಬ ಈ ತತ್ವವೇ ಮುಂದೆ ಪರೀಕ್ಷೆಗಳಿಗೂ ಬುನಾದಿಯಾಯಿತು ಎಂದು ನಾನು ಭಾವಿಸುತ್ತೇನೆ. ಹಿಜರಿ 319ರಲ್ಲಿ (ಕ್ರಿ.ಶ. 931) ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿ ಸತ್ತ ಸುದ್ದಿ ಖಲೀಫ ಮುಕ್ತದಿರ್‌ಗೆ ತಲುಪಿದಾಗ, ಪರೀಕ್ಷೆಯಲ್ಲಿ ಉತ್ತೀರ್ಣರಾಗದವರು ವೃತ್ತಿ ನಡೆಸಬಾರದೆಂದು ಆಜ್ಞೆಯಾಯಿತು. ಸಿನಾನ್ ಬಿನ್ ಸಾಬಿತ್ ಪರೀಕ್ಷಕರಾದರು. ಎಂಟುನೂರ ಅರವತ್ತಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಒಳಗಾದರೆಂದು ಇತಿಹಾಸಕಾರ ಇಬ್ನು ಅಬೀ ಉಸೈಬಿಅ ಬರೆದಿದ್ದಾರೆ.

ಆ ಪರೀಕ್ಷೆ ನಡೆದದ್ದು ವೈದ್ಯರಿಗೆ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಮನ್ಸೂರಿ ಬೀಮಾರಿಸ್ತಾನದಲ್ಲಿ ಪುರುಷರಿಗೂ ಸ್ತ್ರೀಯರಿಗೂ ಪ್ರತ್ಯೇಕ ವಿಭಾಗಗಳಿದ್ದವು, ಸ್ತ್ರೀ ಪರಿಚಾರಕಿಯರಿಗೆ ವಕ್ಫ್‌ನಿಂದ ವೇತನವಿತ್ತು. ವೇತನ ಸಿಕ್ಕಿತು, ವಿದ್ಯೆ ಸಿಗಲಿಲ್ಲ. ಅಂಡಲೂಸಿಯಾದ ಮಹಾನ್ ಶಸ್ತ್ರವೈದ್ಯ ಅಝ್ಝಹ್ರಾವಿಯವರ ಬರಹದಲ್ಲಿ ಈ ಕೊರತೆ ಸ್ಪಷ್ಟವಾಗಿ ಕಾಣುತ್ತದೆ. ಸ್ತ್ರೀಯೊಬ್ಬಳ ಮೂತ್ರಕೋಶದಿಂದ ಕಲ್ಲು ತೆಗೆಯಬೇಕಾದಾಗ ಪುರುಷ ವೈದ್ಯನು ಮುಟ್ಟಿ ಪರೀಕ್ಷಿಸುವುದು ಕಷ್ಟ, ಆದ್ದರಿಂದ ಕುಶಲಳಾದ ಸ್ತ್ರೀವೈದ್ಯೆಯನ್ನು ಹುಡುಕಬೇಕು, ಸಿಗದಿದ್ದರೆ ಸೂಲಗಿತ್ತಿಯಿಂದ ಹೇಳಿ ಮಾಡಿಸಬೇಕು ಎಂಬುದು ಅವರ ಸಲಹೆಯ ಸಾರ. ಜ್ಞಾನವು ಒಬ್ಬರ ತಲೆಯಲ್ಲಿ, ಕೈ ಇನ್ನೊಬ್ಬರದು. ಪರದೆಯ ಆಚೆಗೆ ನಿಂತವರು ಹೇಳುತ್ತಾರೆ, ಈಚೆಗೆ ಇರುವವಳು ಮಾಡುತ್ತಾಳೆ. ಬೆರಳಿಗೆ ಅನಿರೀಕ್ಷಿತವಾದದ್ದೇನಾದರೂ ತಗುಲಿದರೆ ಅದರ ಅರ್ಥ ಅವಳಿಗೆ ತಿಳಿಯದು. ಸುಮಾರು ಸಾವಿರ ವರ್ಷಗಳ ಹಿಂದಿನ ಈ ಸ್ಥಿತಿ ಬಹಳ ಕಾಲ ಹಾಗೆಯೇ ಉಳಿಯಿತು.

ಭಾರತದಲ್ಲಿ ಪರದೆಯ ಹಿಂದಿನ ಸ್ತ್ರೀಯರಿಗೆ ಸ್ತ್ರೀಯರಿಂದಲೇ ಚಿಕಿತ್ಸೆ ದೊರೆಯಲೆಂದು 1885ರಲ್ಲಿ ಲೇಡಿ ಡಫರಿನ್ ನಿಧಿ ಆರಂಭವಾಯಿತು. ನಮ್ಮ ಬೆಂಗಳೂರಿನಲ್ಲಿ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ, 1935ರಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾದ ವಾಣಿ ವಿಲಾಸ ಆಸ್ಪತ್ರೆ ಬಾಗಿಲು ತೆರೆದವು. ಆದರೂ ಸ್ವಾತಂತ್ರ್ಯದ ಹೊಸ್ತಿಲಲ್ಲಿ ಭೋರ್ ಸಮಿತಿ 1946ರಲ್ಲಿ ವರದಿ ನೀಡಿದಾಗ, ದೇಶದಲ್ಲಿ ಸುಮಾರು 43,000 ಜನರಿಗೆ ಒಬ್ಬ ನರ್ಸ್ ಇದ್ದರು. ಅದೇ ವರ್ಷ ದೆಹಲಿಯಲ್ಲೂ ವೆಲ್ಲೂರಿನಲ್ಲೂ ನರ್ಸಿಂಗ್ ಪದವಿ ಶಿಕ್ಷಣ ಶುರುವಾಯಿತು. 1959ರಲ್ಲಿ ದೆಹಲಿಯ ಕಾಲೇಜಿನಲ್ಲಿ, ಅಂದರೆ ಈಗಿನ ರಾಜಕುಮಾರಿ ಅಮೃತ್ ಕೌರ್ ನರ್ಸಿಂಗ್ ಕಾಲೇಜಿನಲ್ಲಿ, ದೇಶದ ಮೊದಲ ಸ್ನಾತಕೋತ್ತರ ವ್ಯಾಸಂಗ ಆರಂಭವಾಯಿತು.

ದಕ್ಷಿಣ ಬೆಂಗಳೂರಿನವರು ಹೊಸೂರು ರಸ್ತೆಯಲ್ಲಿ ಹಾದುಹೋಗುವಾಗ ದಿನವೂ ನೋಡುವ ನಿಮ್ಹಾನ್ಸ್‌ಗೆ ಈ ಇತಿಹಾಸದಲ್ಲಿ ವಿಶೇಷ ಸ್ಥಾನವಿದೆ. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಉದ್ಘಾಟನೆಯಾಯಿತು. ಆ ದಶಕದಲ್ಲೇ ಈಗಾಗಲೇ ನರ್ಸ್ ಆಗಿದ್ದವರಿಗೆ ಮನೋರೋಗ ಶುಶ್ರೂಷೆಯಲ್ಲಿ ಪ್ರತ್ಯೇಕ ಡಿಪ್ಲೊಮಾ ಶಿಕ್ಷಣ ಆರಂಭವಾಯಿತು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಹಿಲ್ಡೆಗಾರ್ಡ್ ಪೆಪ್ಲೌ ಎಂಬ ವಿದುಷಿ ಮನೋರೋಗ ಶುಶ್ರೂಷೆಯ ಸ್ನಾತಕೋತ್ತರ ಶಿಕ್ಷಣವನ್ನು ಆರಂಭಿಸಿದ್ದೂ 1954ರಲ್ಲಿಯೇ. ನರ್ಸ್ ಎಂದರೆ ಎಲ್ಲ ವಾರ್ಡುಗಳಿಗೂ ಸಲ್ಲುವ ಎರಡು ಕೈಗಳು ಎಂಬ ಭಾವನೆಯಿಂದ, ಒಂದು ಕ್ಷೇತ್ರವನ್ನು ಆಳವಾಗಿ ಬಲ್ಲವಳು ಎಂಬ ಭಾವನೆಯ ಕಡೆಗೆ ಲೋಕ ಸರಿಯುತ್ತಿತ್ತು. 1965ರಲ್ಲಿ ಕೊಲರಾಡೋದಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ನರ್ಸ್ ಪ್ರಾಕ್ಟೀಷನರ್ ಎಂಬ ಹೊಸ ಪಾತ್ರವನ್ನೇ ರೂಪಿಸಿದರು. ವೈದ್ಯರಷ್ಟೇ ಅಲ್ಲದೆ ನರ್ಸಿಂಗ್ ಮುಖಂಡರೂ ಆಗ ಅದನ್ನು ವಿರೋಧಿಸಿದರು.

ಆ ಪಾತ್ರ ಭಾರತದ ತೀವ್ರ ನಿಗಾ ಘಟಕಗಳಿಗೆ ಬರಲು ಅರ್ಧ ಶತಮಾನವೇ ಹಿಡಿಯಿತು. 2017ರ ಹೊತ್ತಿಗೆ ಭಾರತೀಯ ನರ್ಸಿಂಗ್ ಪರಿಷತ್ತು ತೀವ್ರ ನಿಗಾ ಶುಶ್ರೂಷೆಯಲ್ಲಿ ಎರಡು ವರ್ಷಗಳ ನರ್ಸ್ ಪ್ರಾಕ್ಟೀಷನರ್ ಎಂ.ಎಸ್ಸಿ. ವ್ಯಾಸಂಗವನ್ನು ಜಾರಿಗೆ ತಂದಿತು. ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಕನಿಷ್ಠ ಒಂದು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಇದರಲ್ಲಿ ಪ್ರವೇಶ. ತರಗತಿಯ ಪಾಠಕ್ಕಿಂತ ರೋಗಿಯ ಹಾಸಿಗೆಯ ಪಕ್ಕದ ಕಲಿಕೆಯೇ ಇದರಲ್ಲಿ ಬಹುಪಾಲು. ಜಗತ್ತಿನ ಯಾವ ಮೂಲೆಯಲ್ಲಿ ಇಂತಹ ಶಿಕ್ಷಣವಿದ್ದರೂ ಅದರ ಆಧಾರ ಮೂರು ವಿಷಯಗಳು: ರೋಗವು ದೇಹವನ್ನು ಕೆಡಿಸುವ ಬಗೆ, ದೇಹವನ್ನು ಆಮೂಲಾಗ್ರ ಪರೀಕ್ಷಿಸುವ ವಿಧಾನ, ಔಷಧ ವಿಜ್ಞಾನ. ಮೂರನ್ನೂ ಪದವಿಯಲ್ಲಿ ಓದಿರುತ್ತಾರೆ, ನಿಜ. ಇಲ್ಲಿ ಅವನ್ನು ನಿರ್ಧಾರ ತೆಗೆದುಕೊಳ್ಳುವವಳಾಗಿ ಓದಬೇಕು. ಇವುಗಳ ಜೊತೆಗೆ ಸಂಶೋಧನೆ, ನಾಯಕತ್ವ ಮತ್ತು ಬೋಧನೆಯ ಪಾಠಗಳಿವೆ.

ಉದಾಹರಣೆಗೆ, ರಾತ್ರಿ ಮೂರು ಗಂಟೆಗೆ ಸೋಂಕು ರಕ್ತಕ್ಕೇರಿದ ರೋಗಿಯೊಬ್ಬರ ರಕ್ತದೊತ್ತಡ ಕುಸಿಯುತ್ತಿದೆ. ಸಾಮಾನ್ಯ ತರಬೇತಿಯ ನರ್ಸ್ ಅದನ್ನು ಗುರುತಿಸಿ ವೈದ್ಯರಿಗೆ ತಿಳಿಸುತ್ತಾಳೆ. ಉನ್ನತ ವ್ಯಾಸಂಗ ಮಾಡಿದವಳು ಮೂತ್ರದ ಪ್ರಮಾಣ, ಚರ್ಮದ ತಂಪು, ಉಸಿರಿನ ವೇಗ, ಅಪಧಮನಿಯ ರಕ್ತದ ಆಮ್ಲಜನಕ ಮತ್ತು ಆಮ್ಲೀಯತೆ ಇವನ್ನೆಲ್ಲ ಒಟ್ಟಿಗೆ ಓದುತ್ತಾಳೆ. ಇನ್ನಷ್ಟು ದ್ರವ ಕೊಟ್ಟರೆ ಹೃದಯ ತಾಳಿಕೊಳ್ಳುವುದೇ, ರಕ್ತನಾಳವನ್ನು ಬಿಗಿಗೊಳಿಸುವ ಔಷಧದ ವೇಗವನ್ನು ಹೆಚ್ಚಿಸಬೇಕೇ, ಮೂತ್ರಪಿಂಡ ದುರ್ಬಲವಾಗಿರುವಾಗ ಪ್ರತಿಜೀವಕದ ಪ್ರಮಾಣ ಬದಲಾಗಬೇಕೇ ಎಂದು ತೂಗುತ್ತಾಳೆ. ಆಸ್ಪತ್ರೆಯು ಮೊದಲೇ ಒಪ್ಪಿದ ಲಿಖಿತ ನಿಯಮಗಳ ಮಿತಿಯಲ್ಲಿ ಪರೀಕ್ಷೆಗಳನ್ನು ಬರೆಯುತ್ತಾಳೆ, ಚಿಕಿತ್ಸೆಯನ್ನು ಹೊಂದಿಸುತ್ತಾಳೆ. ಅಝ್ಝಹ್ರಾವಿಯವರ ಕಾಲದಲ್ಲಿ ಪರದೆಯ ಎರಡು ಬದಿಗಳಲ್ಲಿದ್ದ ಕೈ ಮತ್ತು ತಲೆ ಇಲ್ಲಿ ಒಬ್ಬಳಲ್ಲೇ ಸೇರಿವೆ.

ಎಲ್ಲವೂ ಸುಗಮವಾಗಿದೆ ಎಂದು ಹೇಳಿದರೆ ಅದು ಸತ್ಯವಾಗದು. ಪದವಿ ಬಂದಷ್ಟು ಬೇಗ ಹುದ್ದೆಗಳು ಬಂದಿಲ್ಲ. ಉನ್ನತ ವ್ಯಾಸಂಗ ಮುಗಿಸಿದವಳನ್ನು ಮತ್ತೆ ಸಾಮಾನ್ಯ ಸ್ಟಾಫ್ ನರ್ಸ್ ಆಗಿಯೇ ದುಡಿಸಿಕೊಳ್ಳುವುದುಂಟು, ಬೋಧಕಿಯಾಗಿ ಕಾಲೇಜಿಗೆ ಹೋಗುವವರೂ ಉಂಟು. 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಸ್ಥಾನದಲ್ಲಿ ಹೊಸ ರಾಷ್ಟ್ರೀಯ ಆಯೋಗವನ್ನು ರಚಿಸುವ ಕಾಯ್ದೆ 2023ರಲ್ಲಿ ಸಂಸತ್ತಿನ ಅಂಗೀಕಾರ ಪಡೆಯಿತು. ಕಾಯ್ದೆಯಿಂದ ವಾರ್ಡಿನವರೆಗಿನ ದಾರಿ ನಮ್ಮ ದೇಶದಲ್ಲಿ ಉದ್ದವೇ.

ಈಗ ನಮ್ಮ ಬೀದಿಗಳ ಮಾತು. ರಾಜ್ಯದ ಬಹುಪಾಲು ನರ್ಸಿಂಗ್ ಕಾಲೇಜುಗಳಿಗೆ ಪಠ್ಯವನ್ನೂ ಪರೀಕ್ಷೆಯನ್ನೂ ನಿಗದಿಪಡಿಸುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 1996ರಲ್ಲಿ ಸ್ಥಾಪನೆಯಾಗಿ ಜಯನಗರ 4ನೇ ಟಿ ಬ್ಲಾಕ್‌ನಲ್ಲಿದೆ. ಅದರ ಮಗ್ಗುಲಲ್ಲೇ ತಿಲಕ್‌ನಗರ, ಸ್ವಲ್ಪ ದೂರದಲ್ಲಿ ಗುರಪ್ಪನಪಾಳ್ಯ, ಬನಶಂಕರಿಯ ಕಡೆಗೆ ಯಾರಬ್ ನಗರ. ಜಯದೇವ ಹೃದ್ರೋಗ ಸಂಸ್ಥೆ, ಸಂಜಯ್ ಗಾಂಧಿ ಅಪಘಾತ ಚಿಕಿತ್ಸಾ ಸಂಸ್ಥೆ, ರಫಿ ಅಹ್ಮದ್ ಕಿದ್ವಾಯಿಯವರ ಹೆಸರನ್ನು ಹೊತ್ತ ಕ್ಯಾನ್ಸರ್ ಆಸ್ಪತ್ರೆ, ಇವೆಲ್ಲವೂ ಈ ಬಡಾವಣೆಗಳಿಗೆ ಆಟೋ ದೂರದಲ್ಲಿವೆ. ಆದರೂ ಇಲ್ಲಿನ ಎಷ್ಟೋ ಮನೆಗಳಲ್ಲಿ ಮಗಳು ನರ್ಸಿಂಗ್ ಎಂದ ಕೂಡಲೇ ಮಾತು ನಿಲ್ಲುತ್ತದೆ. ರಾತ್ರಿ ಪಾಳಿ, ಪುರುಷ ರೋಗಿಗಳು, ಹಿಜಾಬ್‌ಗೆ ಅವಕಾಶವಿದೆಯೋ ಇಲ್ಲವೋ ಎಂಬ ಆತಂಕ, ಮದುವೆಯ ಮಾರುಕಟ್ಟೆಯಲ್ಲಿ ನರ್ಸ್ ಎಂಬ ಪದಕ್ಕಿರುವ ಬೆಲೆ. ಇವುಗಳಲ್ಲಿ ಮೊದಲ ಮೂರು ನಿಜವಾದ ಪ್ರಶ್ನೆಗಳು, ಅವನ್ನು ಉಲಮಾಗಳ ಮುಂದೆಯೂ ಆಸ್ಪತ್ರೆಯ ಆಡಳಿತದ ಮುಂದೆಯೂ ಇಟ್ಟು ಉತ್ತರ ಪಡೆಯಬಹುದು. ನಾಲ್ಕನೆಯದಕ್ಕೆ ದೀನ್‌ನಲ್ಲಿ ಯಾವ ಆಧಾರವೂ ಇಲ್ಲ.

ಅದೇ ಮನೆಯ ತಾಯಿ ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ದಾಖಲಾದಾಗ ಮೊದಲು ಕೇಳುವುದು ಹೆಣ್ಣು ನರ್ಸ್ ಇದ್ದಾರೆಯೇ ಎಂದು. ಇರಲೇಬೇಕು, ಆದರೆ ಅವಳು ಬೇರೆಯವರ ಮಗಳಾಗಿರಬೇಕು! ಕೇರಳದ ಯಾವುದೋ ಹಳ್ಳಿಯ ಕ್ರೈಸ್ತ ಕುಟುಂಬ ತನ್ನ ಮಗಳನ್ನು ಕಳುಹಿಸಿದ್ದರಿಂದ ನಮ್ಮ ತಾಯಂದಿರ ಮರ್ಯಾದೆ ಉಳಿದಿದೆ ಎಂಬುದನ್ನು ಕೃತಜ್ಞತೆಯಿಂದ ಒಪ್ಪಿಕೊಳ್ಳಬೇಕು. ಸಮುದಾಯದಲ್ಲಿ ಯಾರೂ ನಿರ್ವಹಿಸದಿದ್ದರೆ ಎಲ್ಲರೂ ಹೊಣೆಗಾರರಾಗುವ ಫರ್ದ್ ಕಿಫಾಯಾದ ವ್ಯಾಪ್ತಿಗೆ ವೈದ್ಯವಿದ್ಯೆಯನ್ನು ಇಮಾಮ್ ಗಝ್ಝಾಲಿಯವರು ಸೇರಿಸಿದ್ದರು. ಶುಶ್ರೂಷೆಯನ್ನು ಅದರಿಂದ ಹೊರಗಿಡಲು ಯಾವ ಕಾರಣವೂ ನನಗೆ ಕಾಣುವುದಿಲ್ಲ.

ವಿದ್ಯಾರ್ಥಿವೇತನ ನೀಡುವ ನಮ್ಮ ಸಂಘಟನೆಗಳಿಗೂ ಒಂದು ಮಾತಿದೆ. ಎಂ.ಬಿ.ಬಿ.ಎಸ್. ಸೀಟು ಸಿಕ್ಕ ಮಕ್ಕಳ ಭಾವಚಿತ್ರ ಮಸೀದಿಯ ಫಲಕಕ್ಕೆ ಬರುತ್ತದೆ, ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವಳ ಹೆಸರು ಯಾರಿಗೂ ತಿಳಿಯುವುದಿಲ್ಲ. ಉನ್ನತ ವ್ಯಾಸಂಗಕ್ಕೆ ಕೆಲಸದ ಅನುಭವದ ಒಂದು ವರ್ಷ ಬೇಕೆಂದು ಮೇಲೆ ಹೇಳಿದೆ. ನಮ್ಮ ಹುಡುಗಿಯರು ಕೈಜಾರುವುದು ಬಹುತೇಕ ಆ ವರ್ಷದಲ್ಲೇ. ಪದವಿ ಕೈಯಲ್ಲಿರುತ್ತದೆ, ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ ಆಗಿರುತ್ತದೆ, ಸಂಬಂಧಗಳು ಬರತೊಡಗುತ್ತವೆ, ಕೆಲಸ ಬಿಡಿಸುವುದೇ ಮೊದಲ ಷರತ್ತಾಗಿ ಮಾತುಕತೆ ಆರಂಭವಾಗುತ್ತದೆ. ನಿಕಾಹ್‌ನ ಮಾತುಕತೆಯಲ್ಲಿ ಹುಡುಗಿಯ ಕಡೆಯವರೂ ಷರತ್ತು ಇಡಬಹುದೆಂಬುದನ್ನು ಫಿಕ್ಹ್ ಗ್ರಂಥಗಳು ಚರ್ಚಿಸಿವೆ. ಆ ಒಂದು ವರ್ಷದ ಕೆಲಸ ಮತ್ತು ಮುಂದಿನ ಎರಡು ವರ್ಷದ ವ್ಯಾಸಂಗವನ್ನು ಅಲ್ಲಿಯೇ ಹೇಳಿ ಬರೆಸಿಕೊಳ್ಳುವ ಕುಟುಂಬಗಳು ತಿಲಕ್‌ನಗರದಲ್ಲೂ ಗುರಪ್ಪನಪಾಳ್ಯದಲ್ಲೂ ಹೆಚ್ಚಬೇಕಾಗಿದೆ.