ಅಂಕಪತ್ರದ ಶುದ್ಧಿ

1925ರಲ್ಲಿ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಮಹಾಶಯರು ಪನಾಮಾ ಕಾಲುವೆಯ ಮಾರ್ಗದ ಹಡಗುಯಾನದಲ್ಲಿ ಕಾಂಟ್ರ್ಯಾಕ್ಟ್ ಬ್ರಿಜ್ ಎಂಬ ಇಸ್ಪೀಟಾಟದ ಅಂಕಕ್ರಮವನ್ನು ರೂಪಿಸಿದಂದಿನಿಂದ, ಎಲೆಯಾಡುವ ಚಾತುರ್ಯದಷ್ಟೇ ಅಂಕ ಬರೆಯುವ ಎಚ್ಚರವೂ ಆ ಆಟಕ್ಕೆ ಅವಶ್ಯವಾಯಿತು. ಒಂದೇ ಹಂಚಿಕೆಯನ್ನು ಅನೇಕ ಮೇಜುಗಳಲ್ಲಿ ಆಡಿಸಿ ಫಲಗಳನ್ನು ಹೋಲಿಸುವ ಡೂಪ್ಲಿಕೇಟ್ ಪದ್ಧತಿಯ ಕ್ಲಬ್ಬುಗಳಲ್ಲಿ, ಎಲೆಗಳೊಡನೆ ಮೇಜಿನಿಂದ ಮೇಜಿಗೆ ಸಂಚರಿಸುತ್ತಿದ್ದ ಚೀಟಿಯ ಮೇಲೆ ಉತ್ತರ ದಿಕ್ಕಿನ ಆಟಗಾರನು ಫಲವನ್ನು ಬರೆಯುವುದೂ, ಎದುರಾಳಿಗಳು ಅದನ್ನು ಓದಿ ಸಮ್ಮತಿಸುವುದೂ ರೂಢಿಯಾಯಿತು. ಏಕೆಂದರೆ ಜೋಡಿಯ ಸಂಖ್ಯೆಯನ್ನೋ ಅಂಕ ಸಲ್ಲಬೇಕಾದ ಪಕ್ಷವನ್ನೋ ತಪ್ಪಿ ಬರೆದರೆ, ಆ ದೋಷವು ಒಂದೇ ಮೇಜಿನಲ್ಲಿ ನಿಲ್ಲದೆ, ಆ ಹಂಚಿಕೆಯನ್ನಾಡಿದ ಸಕಲರ ಸ್ಥಾನಗಳನ್ನೂ ಕದಲಿಸಬಲ್ಲುದು. ಫಲಪ್ರಕಟಣೆಯ ಅನಂತರವೂ, ಬೇರೆ ಅವಧಿಯನ್ನು ಗೊತ್ತುಪಡಿಸದಿದ್ದಲ್ಲಿ, 30 ನಿಮಿಷಗಳೊಳಗೆ ಲೆಕ್ಕದ ತಪ್ಪನ್ನು ತಿದ್ದಲು ನಿಯಮಾವಳಿಯು ಅವಕಾಶವೀಯುತ್ತದೆ. ತನಗೆ ಲಾಭ ತಂದ ತಪ್ಪನ್ನೂ ತಾನೇ ತೋರಿಸಿಕೊಡುವುದು ಆಟಗಾರನ ಧರ್ಮ.